ಐದು ಸಾವಿರದೊಳಗೆ ಹಳೆ ಬಾಡಿಗೆ ಮನೆ ಚೆಂದ ಕಾಣಬೇಕು, ಎಲ್ಲಿಂದ ಶುರು ಮಾಡಲಿ?

ಸರಸ್ವತಿಪುರಂ_ಹೊಸಬಳು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಹಳೆ ಮನೆಗೆ ಬಾಡಿಗೆಗೆ ಬಂದೆವು. ರೆಡ್ ಆಕ್ಸೈಡ್ ಹಾಕಿದ ಕೆಂಪು ನೆಲ, ಮರದ ಕಿಟಕಿ, ಅಡುಗೆಮನೆಯಲ್ಲಿ ಕಡಪ ಕಲ್ಲು, ಹಿತ್ತಲಲ್ಲಿ ಒಗೆಯುವ ಕಲ್ಲು. ನೋಡಿದ ದಿನವೇ ಇದೇ ಮನೆ ಬೇಕು ಅಂತ ಹಟ ಹಿಡಿದವಳು ನಾನು. ಈಗ ಅದೇ ನೆಲ ನೋಡಿದರೆ ಅಳು ಬರುತ್ತದೆ. ಎಷ್ಟು ಒರೆಸಿದರೂ ಒಣಗಿದ ಮೇಲೆ ಬೂದಿ ಎರಚಿದ ಹಾಗೆ ಮಂಕಾಗಿರುತ್ತದೆ. ನಲ್ಲಿಗಳ ಮೇಲೆ ಬಿಳಿ ಪೊರೆ. ಕಾವೇರಿ ನೀರು ಬರುತ್ತದೆ, ಆದರೆ ಓನರ್ ಮೇಲಿನ ಟ್ಯಾಂಕಿಗೆ ಬೋರ್ ನೀರನ್ನೂ ಸೇರಿಸುತ್ತಾರೆ.

ಬಟ್ಟೆ ಕಥೆ ಇನ್ನೂ ಬೇಜಾರು. ಟವೆಲ್ ಒಣಗಿದರೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ, ಬಿಳಿ ಬೆಡ್‌ಶೀಟ್ ಹಳದಿಗೆ ತಿರುಗಿದೆ.

ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ವಾರ ಇದೆ. ಈ ಸಲ ದಸರಾಕ್ಕೆ ಅತ್ತೆ ತಮ್ಮ ಗೊಂಬೆಗಳನ್ನು ನಮ್ಮ ಮನೆಯಲ್ಲೇ ಕೂರಿಸಿ ಅಂತ ಕೊಟ್ಟಿದ್ದಾರೆ. ಅಂದರೆ ಒಂಬತ್ತು ದಿನ ಯಾರು ಯಾರೋ ಬಂದು ಹೋಗುತ್ತಾರೆ. ಫೋನಿನಲ್ಲಿ ನೋಡುವ ಮನೆಗಳ ಹಾಗೆ ಸ್ವಲ್ಪ ಸ್ಟೈಲಾಗಿ ಇರಲಿ ಅನ್ನುವ ಆಸೆ. ಕೈಯಲ್ಲಿರುವುದು ಐದು ಸಾವಿರ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ. ನನ್ನ ಪಟ್ಟಿಯಲ್ಲಿ ಈಗ ಇರುವುದು ನೆಲಕ್ಕೆ ವಿನೈಲ್ ಹಾಳೆ, ಹೊಸ ಪರದೆ, ಎರಡು ದೀಪ. ಸರಿಯಾ? ಬೈಯಬೇಡಿ, ಹೇಳಿಕೊಡಿ.

ಚಾಮುಂಡಿಪುರಂ_ಹಳೇಮನೆ

ಅಯ್ಯೋ ಪುಟ್ಟಿ, ಕೆಂಪು ನೆಲದ ಮೇಲೆ ವಿನೈಲ್ ಹಾಳೆ ಹಾಸಬೇಡ! ಜನ ದುಡ್ಡು ಕೊಟ್ಟು ಹೊಸ ಮನೆಯಲ್ಲಿ ಈ ನೆಲ ಮಾಡಿಸುತ್ತಿದ್ದಾರೆ. ಮಾಡುವ ಗಾರೆಯವರು ಸಿಗುವುದೇ ಕಷ್ಟ. ನಿನಗೆ ಸುಮ್ನೆ ಸಿಕ್ಕಿದೆ.

ನಾನು ನಲವತ್ತು ವರ್ಷದಿಂದ ಇದೇ ನೆಲ ಒರೆಸುತ್ತಿದ್ದೇನೆ. ನಿನ್ನ ನೆಲಕ್ಕೆ ಆಗಿರುವುದು ಎರಡೇ. ಒಂದು ಬೋರ್ ನೀರಿನ ಸುಣ್ಣ, ಇನ್ನೊಂದು ಹಳೆ ಸೋಪಿನ ಪದರ. ಒರೆಸುವ ನೀರಿಗೆ ಬಾಟಲಿ ಬಗ್ಗಿಸಿ ಘಮಘಮ ಅನ್ನುವ ಲಿಕ್ವಿಡ್ ಸುರಿಯುತ್ತೇವೆ, ಅದನ್ನು ಮತ್ತೆ ಬರೀ ನೀರಿನಲ್ಲಿ ಯಾರೂ ಒರೆಸುವುದಿಲ್ಲ. ದಿನಾ ಒಂದೊಂದು ಪದರ ಕೂತು ಕೂತು ಮಂಕಾಗುತ್ತದೆ. ಹಾಗಾಗಿ ಮೊದಲ ವಾರ ನೀನು ಏನನ್ನೂ ಹಾಕಬೇಡ, ತೆಗೆಯುವುದೇ ಕೆಲಸ. ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೇ ಹನಿ, ಹಳೆ ಬನಿಯನ್ ಬಟ್ಟೆಯಲ್ಲಿ ಸ್ವಲ್ಪ ಒತ್ತಿ ಉಜ್ಜು, ಆಮೇಲೆ ಎರಡು ಸಲ ಬರೀ ಕಾವೇರಿ ನೀರಿನಲ್ಲಿ ಒರೆಸು. ಬೆಳಿಗ್ಗೆ ನಲ್ಲಿಯಲ್ಲಿ ಬಂದ ನೀರನ್ನು ಒಂದು ಬಕೆಟ್ ಹಿಡಿದಿಟ್ಟುಕೋ, ಟ್ಯಾಂಕಿನ ನೀರು ಬೇಡ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕೆಳಗಿನ ಬಣ್ಣ ತಲೆ ಎತ್ತುತ್ತದೆ.

ಆಮೇಲೆ ಎಣ್ಣೆ. ಅಂಗೈಯಷ್ಟು ಬಟ್ಟೆಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ, ಬಟ್ಟೆಯನ್ನು ಚೆನ್ನಾಗಿ ಹಿಸುಕಿ, ಎಣ್ಣೆ ಎಲ್ಲ ಕಡೆ ಹರಡಿದ ಮೇಲೆ ಒಣಗಿದ ನೆಲಕ್ಕೆ ಸವರು. ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಗಟ್ಟಿಯಾಗಿ ತಿಕ್ಕಿ ತೆಗೆ. ತಿಕ್ಕಿ ತೆಗೆಯುವುದೇ ಮುಖ್ಯ. ಎಣ್ಣೆ ಉಳಿದರೆ ಧೂಳು ಹಿಡಿಯುತ್ತದೆ, ಕಾಲೂ ಜಾರುತ್ತದೆ. ಬಚ್ಚಲ ಬಾಗಿಲ ಹತ್ತಿರ ಎಣ್ಣೆ ಬೇಡವೇ ಬೇಡ. ಹದಿನೈದು ದಿನಕ್ಕೊಂದು ಸಲ ಸಾಕು.

ಆಸಿಡ್ ಮಾತ್ರ ಮುಟ್ಟಿಸಬೇಡ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಡುಮನೆಯಲ್ಲಿ ಒಂದು ಕಲೆಗೆ ಕಕ್ಕಸು ತೊಳೆಯುವ ಆಸಿಡ್ ಬಿಟ್ಟೆ. ಬುರುಬುರು ಅಂತ ನೊರೆ ಬಂತು, ನಾನು ಕ್ಲೀನ್ ಆಗುತ್ತಿದೆ ಅಂತ ಖುಷಿಪಟ್ಟೆ. ಕಾಫಿ ಲೋಟದ ತಳದಷ್ಟು ಜಾಗ ಬೆಳ್ಳಗೆ ಒರಟಾಗಿ ಹೋಯಿತು. ಇವತ್ತಿಗೂ ಅದರ ಮೇಲೆ ಕುರ್ಚಿ ಹಾಕಿದ್ದೇನೆ. ಮನೆಗೆ ಬಂದವರು ಆ ಕುರ್ಚಿ ಯಾಕೆ ದಾರಿ ಮಧ್ಯೆ ಇದೆ ಅಂತ ಕೇಳುತ್ತಾರೆ.

ಇನ್ನು ಸ್ಟೈಲು. ಮೊದಲು ಮನೆಯಿಂದ ಏನೇನು ಹೊರಗೆ ಹಾಕಬಹುದು ನೋಡು. ಟಿವಿ ಮೇಲಿನ ಪ್ಲಾಸ್ಟಿಕ್ ಹೂವು, ಬಾಗಿಲ ಹಿಂದೆ ನೇತಾಡುವ ಹದಿನೆಂಟು ಕವರ್, ಫ್ರಿಜ್ ಮೇಲಿನ ರಾಶಿ. ಅತ್ತೆ ಮನೆಯಿಂದ ಬಂದ ಹಿತ್ತಾಳೆ ಪಾತ್ರೆ ಅಟ್ಟದಲ್ಲಿ ಇದ್ದೇ ಇರುತ್ತದೆ. ಒಂದು ಬೋಗುಣಿ ಇಳಿಸಿ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಬೆಳಗು. ಬೆಳಗಿದ ಕೂಡಲೇ ತೊಳೆದು ಬಟ್ಟೆಯಲ್ಲಿ ಒರೆಸಿಬಿಡು, ನೀರು ತಾನಾಗಿ ಒಣಗಲಿ ಅಂತ ಬಿಟ್ಟರೆ ಮಚ್ಚೆ ಬೀಳುತ್ತದೆ. ಅದರಲ್ಲಿ ನೀರು ತುಂಬಿ ದೇವರಾಜ ಮಾರ್ಕೆಟ್ಟಿನ ಸೇವಂತಿಗೆ ನಾಲ್ಕು ಬಿಟ್ಟು ಕೆಂಪು ನೆಲದ ಮೇಲೆ ಇಟ್ಟರೆ ಆಯಿತು. ಇದಕ್ಕಿಂತ ದೀಪ ಬೇಕಾ?

ಗೊಂಬೆಗೆ ಒದ್ದೆ ಬಟ್ಟೆ ಮುಟ್ಟಿಸಬೇಡ, ಹೇಳಿದ್ದೇನೆ. ಪಟ್ಟದ ಗೊಂಬೆ ಮರದ್ದು, ಉಳಿದವು ಮಣ್ಣಿನವು. ಹೊಸ ಪೇಂಟ್ ಬ್ರಷ್ ಒಂದು ತಂದು ಧೂಳು ಹೊಡಿ, ಅಷ್ಟೇ.

ರೀಲ್ಸ್_ನೋಡೋಳು

ಅಕ್ಕ ನಲ್ಲಿಗೆ, ಸಿಂಕಿಗೆ, ಬಟ್ಟೆಗೆ ಎಲ್ಲದಕ್ಕೂ ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಹಾಕಿ. ಬುಸ್ ಅಂತ ನೊರೆ ಬಂದು ಎಲ್ಲ ಕಿತ್ತು ಬರುತ್ತದೆ. ನಾನು ದಿನಾ ನೋಡುತ್ತೇನೆ. ಕೆಮಿಕಲ್ಲೂ ಇಲ್ಲ.

ಮಂಡ್ಯದ_ಮೇಷ್ಟ್ರು

ಮೇಲಿನ ತಂಗಿಗೆ ಬೇಜಾರಾಗದಿರಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು, ಸುಮ್ಮನಿರಲು ಆಗುವುದಿಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡನ್ನೂ ಸೇರಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ನೊರೆ ಬರುವುದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವಾಗ. ಕೊನೆಗೆ ಉಳಿಯುವುದು ಒಂಥರಾ ಉಪ್ಪುನೀರು. ಅದಕ್ಕಿಂತ ಸೋಡಾ ಬೇರೆ, ಹುಳಿ ಬೇರೆ ಬಳಸಿ. ಜಿಡ್ಡಿಗೆ ಸೋಡಾ, ಸುಣ್ಣಕ್ಕೆ ಹುಳಿ. ಇಷ್ಟು ನೆನಪಿದ್ದರೆ ಅಂಗಡಿಯ ಅರ್ಧ ಬಾಟಲಿಗಳು ಬೇಕಾಗುವುದಿಲ್ಲ. ಕೆಮಿಕಲ್ ಇಲ್ಲ ಅಂದಿರಲ್ಲ, ಸೋಡಾನೂ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ, ಇರಲಿ ಬಿಡಿ.

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನೀರು ಆರಿದಾಗ ಅದು ಉಳಿದು ಬಿಳಿ ಪೊರೆ ಕಟ್ಟುತ್ತದೆ. ನಲ್ಲಿಗೆ ನಿಂಬೆ ಉಪ್ಪು ತನ್ನಿ. ಸಿಟ್ರಿಕ್ ಆಸಿಡ್ ಅನ್ನುವುದೂ ಇದನ್ನೇ. ಸಂತೇಪೇಟೆಯ ದಿನಸಿ ಅಂಗಡಿಗಳಲ್ಲಿ ಕೇಳಿ, ಚಿಕ್ಕ ಪೊಟ್ಟಣವೇ ತಿಂಗಳುಗಟ್ಟಲೆ ಬರುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಕರಗಿಸಿ, ಹಳೆ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಕಾಲು ಗಂಟೆ ಬಿಡಿ. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಶವರ್ ತೂತು ಮುಚ್ಚಿದ್ದರೂ ಇದೇ ಔಷಧಿ. ಆದರೆ ಕಡಪ ಕಲ್ಲಿನ ಮೇಲೆ ಒಂದು ಹನಿ ಬೀಳಬಾರದು. ಕಡಪ ಅಂದರೆ ಸುಣ್ಣದ ಕಲ್ಲೇ. ಕೆಂಪು ನೆಲ ಅಂದರೆ ಸಿಮೆಂಟು, ಅದರಲ್ಲೂ ಸುಣ್ಣದ ಅಂಶ ಇದೆ. ಚಾಮುಂಡಿಪುರಂ ಅಮ್ಮನವರು ಹೇಳಿದ ಕುರ್ಚಿ ಕಥೆಗೆ ಕಾರಣ ಅದೇ. ಮೊಸಾಯಿಕ್, ಮಾರ್ಬಲ್ ಎಲ್ಲಕ್ಕೂ ಇದೇ ಮಾತು.

ಸೋಪು ಬೋರ್ ನೀರಿನಲ್ಲಿ ನೊರೆ ಬರುವ ಬದಲು ಗಸಿ ಕಟ್ಟುತ್ತದೆ. ಆ ಗಸಿಯೇ ಬಟ್ಟೆಯ ಎಳೆಯಲ್ಲಿ ಕೂತು ಟವೆಲ್ ಹಪ್ಪಳವಾಗುವುದು. ನೊರೆ ಬರಲಿಲ್ಲ ಅಂತ ಪುಡಿ ಇನ್ನಷ್ಟು ಸುರಿಯಬೇಡಿ. ನೆನೆಸುವ ಬಕೆಟ್ಟಿಗೆ ಮೊದಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಕದಡಿ, ಕ್ಯಾಲ್ಸಿಯಂ ತಳಕ್ಕೆ ಇಳಿಯುತ್ತದೆ, ಆಮೇಲೆ ಪುಡಿ ಸ್ವಲ್ಪವೇ ಸಾಕು. ಇದು ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ, ಉಣ್ಣೆ ಇದರ ಹತ್ತಿರವೂ ಬರಬಾರದು. ಕೈಗೆ ಉರಿ, ಗ್ಲೌಸ್ ಹಾಕಿಕೊಳ್ಳಿ.

ಒಂದು ವಿಷಯ ಮಾತ್ರ ದಯವಿಟ್ಟು ತಮಾಷೆ ಮಾಡಬೇಡಿ. ಬ್ಲೀಚಿಂಗ್ ಪೌಡರ್ ಹಾಕಿದ ಬಚ್ಚಲಿಗೆ ಅದರ ಮೇಲೆಯೇ ಟಾಯ್ಲೆಟ್ ಆಸಿಡ್ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ. ನಮ್ಮ ನಾದಿನಿ ಹಬ್ಬದ ಹಿಂದಿನ ದಿನ ಬಾಗಿಲು ಹಾಕಿಕೊಂಡು ಎರಡನ್ನೂ ಸೇರಿಸಿ ಉಜ್ಜಿದಳು. ಕೆಮ್ಮುತ್ತ ಹೊರಗೆ ಬಂದವಳು ಎರಡು ದಿನ ಸರಿಯಾಗಿ ಉಸಿರಾಡಲು ಒದ್ದಾಡಿದಳು. ನಿಂಬೆ ಉಪ್ಪು, ವಿನೆಗರ್ ಕೂಡ ಆಮ್ಲವೇ, ಅವನ್ನೂ ಬ್ಲೀಚ್ ಜೊತೆ ಸೇರಿಸಬಾರದು.

ನಮ್ಮ ಊರಿನ ಕಷ್ಟವೂ ಒಂದಿದೆ. ಹತ್ತಿರದಲ್ಲೇ ಆಲೆಮನೆ. ಗಾಳಿ ಈ ಕಡೆ ತಿರುಗಿದರೆ ತಾರಸಿ ಮೇಲೆ ಒಣಹಾಕಿದ ಬಿಳಿ ಪಂಚೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಮಸಿ. ಕೈಯಲ್ಲಿ ಒರೆಸಿದಿರೋ ಕೆಟ್ಟಿತು, ಗೆರೆ ಎಳೆದುಬಿಡುತ್ತದೆ. ನೀರಿಗೂ ಹಾಕಬೇಡಿ. ಬಟ್ಟೆ ಪೂರ್ತಿ ಒಣಗುವವರೆಗೆ ಹಾಗೇ ಬಿಟ್ಟು ಎರಡು ಕಡೆ ಹಿಡಿದು ಜೋರಾಗಿ ಕೊಡವಿ. ಮುಕ್ಕಾಲು ಭಾಗ ಉದುರುತ್ತದೆ. ಉಳಿದದ್ದನ್ನು ಆಮೇಲೆ ಒಗೆಯಿರಿ. ಮೈಸೂರಿನವರಿಗೆ ಈ ಭಾಗ್ಯ ಇಲ್ಲ.

ಸರಸ್ವತಿಪುರಂ_ಹೊಸಬಳು

ವಿನೈಲ್ ಹಾಳೆ ಕ್ಯಾನ್ಸಲ್! ಎರಡು ಸಾವಿರ ಉಳಿಯಿತು. ಆದರೆ ಇವತ್ತು ಬೆಳಿಗ್ಗೆ ಹೊಸ ಎಡವಟ್ಟು. ಇರುವ ಒಂದೇ ಒಳ್ಳೆ ಬಿಳಿ ಬೆಡ್‌ಶೀಟ್ ಮೇಲೆ ಯಜಮಾನರು ಹುಳಿ, ಅದೇ ಸಾಂಬಾರು, ಚೆಲ್ಲಿದರು. ತಕ್ಷಣ ಸೋಪು ಹಾಕಿ ಉಜ್ಜಿದೆ. ಹಳದಿ ಕಲೆ ಕಣ್ಣೆದುರೇ ರಕ್ತದ ಹಾಗೆ ಕೆಂಪಾಯಿತು! ಬಟ್ಟೆ ಹಾಳಾಯಿತಾ? ಯಜಮಾನರು ಮಾತ್ರ ಆರಾಮಾಗಿ ಅಂಗೈ ಅಗಲದ ಕಲೆ ತಾನೇ ಅನ್ನುತ್ತಿದ್ದಾರೆ.

ಇಸ್ತ್ರಿ_ಪೆಟ್ಟಿಗೆ

ಹಾಳಾಗಿಲ್ಲ ಮೇಡಂ, ಹೆದರಬೇಡಿ. ಕುವೆಂಪುನಗರದಲ್ಲಿ ನಮ್ಮದು ಇಸ್ತ್ರಿ ಅಂಗಡಿ, ಅಪ್ಪನ ಕಾಲದ್ದು. ವಾರಕ್ಕೆ ಒಬ್ಬರಾದರೂ ಇದೇ ಗಾಬರಿಯಲ್ಲಿ ಬರುತ್ತಾರೆ. ಆರತಿ ತಟ್ಟೆಯ ಕೆಂಪು ನೀರು ಗೊತ್ತಲ್ವಾ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಸೋಪೂ ಸುಣ್ಣದ ಹಾಗೆ ಕ್ಷಾರವೇ, ಅದಕ್ಕೇ ನಿಮ್ಮ ಬೆಡ್‌ಶೀಟ್ ಆರತಿ ತಟ್ಟೆ ಆಗಿದೆ ಅಷ್ಟೇ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಎಣ್ಣೆ ಜಿಡ್ಡು ಹೋಗುವ ತನಕ ಒಗೆಯಿರಿ, ಆಮೇಲೆ ಒದ್ದೆಯಲ್ಲೇ ಕಲೆ ಇರುವ ಕಡೆ ಮೇಲೆ ಬರುವ ಹಾಗೆ ಬಿಸಿಲಿಗೆ ಹರವಿ. ಅರಿಶಿನಕ್ಕೆ ಬಿಸಿಲು ಆಗುವುದಿಲ್ಲ. ಒಳ್ಳೆ ಬಿಸಿಲಿದ್ದರೆ ಒಂದು ದಿನ, ಇಲ್ಲದಿದ್ದರೆ ಮೂರು ದಿನ. ಕಲೆ ಹೋಗುವವರೆಗೆ ಇಸ್ತ್ರಿ ಮಾತ್ರ ಮಾಡಬೇಡಿ, ಬಿಸಿಗೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಬಿಸಿ ತಗುಲಿದ ಕಲೆಯನ್ನು ಹಿಡಿದುಕೊಂಡು ಬಂದವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ, ಬೇರೇನೂ ಮಾಡಲು ಆಗುವುದಿಲ್ಲ. ರಕ್ತದ ಕಲೆಗೂ ಬಿಸಿನೀರು ಬೇಡ, ತಣ್ಣೀರೇ.

ಹಳದಿ ಬಿದ್ದ ಬೆಡ್‌ಶೀಟಿಗೆ ಎಲ್ಲರೂ ನೀಲಿ ಹಾಕುತ್ತಾರೆ. ನೀಲಿ ಕೊಳೆ ತೆಗೆಯುವುದಿಲ್ಲ ಮೇಡಂ, ಹಳದಿಯನ್ನು ಕಣ್ಣಿಗೆ ಮರೆಮಾಡುತ್ತದೆ ಅಷ್ಟೇ. ಕೊಳೆ ಬಟ್ಟೆಗೆ ನೀಲಿ ಹಾಕಿದರೆ ಬೂದು ಬಣ್ಣ ಬರುತ್ತದೆ. ಮೊದಲು ಮೇಷ್ಟ್ರು ಹೇಳಿದ ಹಾಗೆ ವಾಷಿಂಗ್ ಸೋಡಾ ನೀರಲ್ಲಿ, ಬಿಸಿಯಾಗಿ, ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ಒಗೆದು ನೀರು ತಿಳಿಯಾಗುವ ತನಕ ಜಾಲಿಸಿ. ಕೊನೆಯ ನೀರಿಗೆ ನೀಲಿ ನಾಲ್ಕು ಹನಿ, ಕೈಯಲ್ಲಿ ಚೆನ್ನಾಗಿ ಕದಡಿದ ಮೇಲೆಯೇ ಬಟ್ಟೆ ಬಿಡಬೇಕು. ಬಟ್ಟೆ ಮೇಲೆ ನೇರ ಬಿದ್ದರೆ ಮಚ್ಚೆ.

ಟವೆಲ್‌ಗೆ ಘಮಘಮ ಬರುವ ಕಂಡೀಷನರ್ ಹಾಕಬೇಡಿ. ಮೆತ್ತಗಾಗುತ್ತದೆ, ಆದರೆ ಎಳೆಗೆ ಪದರ ಕಟ್ಟಿ ನೀರು ಹೀರುವುದು ಕಡಿಮೆಯಾಗುತ್ತದೆ. ಒಣಹಾಕುವ ಮುಂಚೆ ನಾಲ್ಕು ಸಲ ಜೋರಾಗಿ ಕೊಡವಿ, ಒಣಗಿದ ಮೇಲೆ ಇನ್ನೆರಡು ಸಲ. ಸೋನೆ ಮಳೆ ಹಿಡಿದು ಮನೆಯೊಳಗೆ ಒಣಹಾಕುವುದಾದರೆ ಎರಡು ಬಟ್ಟೆ ಮಧ್ಯೆ ಗೇಣು ಜಾಗ ಬಿಡಿ, ಫ್ಯಾನ್ ಹಾಕಿ. ಮುಗ್ಗುಲು ವಾಸನೆ ಬರುವುದು ಬಟ್ಟೆ ನಿಧಾನವಾಗಿ ಒಣಗಿದ್ದಕ್ಕೆ, ಸೋಪು ಕಡಿಮೆಯಾದದ್ದಕ್ಕೆ ಅಲ್ಲ.

ಗಂಜಿ. ಫೋನಿನಲ್ಲಿ ನೋಡುವ ಹೋಟೆಲ್ ಥರದ ಹಾಸಿಗೆ ಬೇಕಾದರೆ ಇದೊಂದೇ ದಾರಿ, ಖರ್ಚು ಸೊನ್ನೆ. ಅನ್ನದ ಗಂಜಿ ಬಸಿದು, ಬಟ್ಟೆಯಲ್ಲಿ ಸೋಸಿ, ನಾಲ್ಕು ಪಟ್ಟು ನೀರು ಬೆರೆಸಿ. ಸೋಸದಿದ್ದರೆ ಅಗುಳು ಅಂಟಿ ಇಸ್ತ್ರಿ ಪೆಟ್ಟಿಗೆಗೆ ಕರಕು ಹಿಡಿಯುತ್ತದೆ, ಆಮೇಲೆ ಬಿಳಿ ಬಟ್ಟೆ ಮೇಲೆ ಕಂದು ಗೆರೆ. ಅದ್ದಿ, ಹಿಂಡಿ, ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ್ದರೆ ನೀರು ಚಿಮುಕಿಸಿ, ಚಾಪೆ ಥರ ಸುತ್ತಿ ಅರ್ಧ ಗಂಟೆ ಇಡಿ, ಆಮೇಲೆ ಇಸ್ತ್ರಿ. ಆದರೆ ಗಂಜಿ ಹಾಕಿದ್ದನ್ನು ಬೀರುವಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಸಿಲ್ವರ್ ಫಿಶ್ ಹುಳಕ್ಕೆ ಗಂಜಿ ಅಂದರೆ ಹಬ್ಬದೂಟ.

ಹಬ್ಬ ಅಂದಿರಿ, ಮೈಸೂರು ಸಿಲ್ಕ್ ಹೊರಗೆ ಬಂದೇ ಬರುತ್ತದೆ. 1912ರಿಂದ ನಮ್ಮ ಊರಲ್ಲೇ ಮಿಲ್ಲಿದೆ, ಆದರೂ ಜನ ರೇಷ್ಮೆ ಸೀರೆಗೆ ಮಾಡುವ ಅನ್ಯಾಯ ನೋಡಿದರೆ ಹೊಟ್ಟೆ ಉರಿಯುತ್ತದೆ. ಬ್ಲೀಚ್ ಬಿದ್ದರೆ ರೇಷ್ಮೆ ಕರಗಿಯೇ ಹೋಗುತ್ತದೆ. ಉಟ್ಟು ಬಿಚ್ಚಿದ ಕೂಡಲೇ ಮಡಚಿಡಬೇಡಿ, ನೆರಳಲ್ಲಿ ಎರಡು ಗಂಟೆ ಗಾಳಿಗೆ ಬಿಡಿ. ಹಳೆ ಬಿಳಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರ್ ಬೇಡ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಮುರಿಯುತ್ತದೆ. ನುಸಿ ಗುಳಿಗೆ ಜರಿಗೆ ತಾಗಬಾರದು. ವಾಸನೆಗೆ ನಮ್ಮಮ್ಮ ಮಾಡುವುದೇ ಸರಿ, ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಬೀರುವಿನ ಮೂಲೆಯಲ್ಲಿ.

ಸೀರೆ_ಪರದೆ

ಪರದೆಗೆ ಯಾರೂ ಉತ್ತರ ಕೊಡಲಿಲ್ಲ ಅಂತ ಬಂದೆ. ಹೊಸ ಬಟ್ಟೆ ತರಬೇಡಿ. ಅಮ್ಮನ, ಅತ್ತೆಯ ಹಳೆ ಕಾಟನ್ ಸೀರೆ ಕೇಳಿ. ಒಂದು ಸೀರೆ ಸುಮಾರು ಐದೂವರೆ ಮೀಟರ್. ಏಳಡಿ ಬಾಗಿಲಿಗೆ ಮಡಿಕೆ ಸೇರಿ ಎರಡೂಕಾಲು ಮೀಟರ್ ಬೇಕು. ಎರಡು ಪರದೆ ಆದ ಮೇಲೆ ಒಂದು ಮೀಟರ್ ಉಳಿಯುತ್ತದೆ. ಅದು ಸೆರಗಿನ ಕಡೆಯದಾಗಿರಲಿ, ದಿಂಬಿನ ಕವರ್ ಮಾಡಿ. ಹಳೆ ಸೀರೆಯ ಒಳ್ಳೆ ಗುಣ ಅಂದರೆ ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ, ಎಷ್ಟು ಬಣ್ಣ ಬಿಡಬೇಕೋ ಅಷ್ಟು ಬಿಟ್ಟಾಗಿದೆ. ನಾನು ಮೊದಲ ಸಲ ಹೊಸ ಬಟ್ಟೆ ತಂದು ನೆನೆಸದೆ ಹೊಲಿಸಿದ್ದೆ. ಒಂದೇ ಒಗೆತಕ್ಕೆ ಪರದೆ ನೆಲದಿಂದ ನಾಲ್ಕು ಬೆರಳು ಮೇಲೆ ಹೋಯಿತು, ಕುಳ್ಳ ಪ್ಯಾಂಟ್ ಹಾಕಿದ ಹುಡುಗನ ಥರ.

ಕೆಂಪು ನೆಲ ಇದೆ ಅಂದಿರಲ್ಲ, ಹಾಗಾದರೆ ಬಿಳಿ, ತಿಳಿ ಹಸಿರು, ಇಲ್ಲ ಸಾಸಿವೆ ಹಳದಿ ಚೆನ್ನಾಗಿ ಕಾಣುತ್ತದೆ. ಕೆಂಪಿಗೆ ಕೆಂಪು, ಮರೂನ್ ಬೇಡ, ಮನೆ ಕತ್ತಲಾಗುತ್ತದೆ. ರಾಡ್ ಅನ್ನು ಕಿಟಕಿಯ ಮೇಲೆ ಒಂದು ಗೇಣು ಎತ್ತರಕ್ಕೆ ಹಾಕಿಸಿ, ಗೋಡೆ ಎತ್ತರ ಕಾಣುತ್ತದೆ. ಓನರ್ ಗೋಡೆಗೆ ಮೊಳೆ ಹೊಡೆಯಲು ಬಿಡದಿದ್ದರೆ ಕಿಟಕಿ ಚೌಕಟ್ಟಿನ ಒಳಗೆ ಸ್ಪ್ರಿಂಗ್ ರಾಡ್. ಸಣ್ಣಪುಟ್ಟ ಸಾಮಾನಿಗೆ ಮನ್ನಾರ್ಸ್ ಮಾರ್ಕೆಟ್ ಒಂದು ಸುತ್ತು ಹಾಕಿ, ಆದರೆ ಪಟ್ಟಿ ಹಿಡಿದುಕೊಂಡು ಹೋಗಿ. ನಾನು ಕೊಕ್ಕೆ ತರಲು ಹೋಗಿ ಮೂರು ಬುಟ್ಟಿ ತಂದವಳು.

ಕಿಟಕಿ ಗಾಜಿಗೆ ಹಳೆ ಪೇಪರ್ ಸಾಕು. ಮತ್ತೆ ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ನಿಜವಾ ಮೇಷ್ಟ್ರೇ?

ಮಂಡ್ಯದ_ಮೇಷ್ಟ್ರು

ಬಣ್ಣ ಹಾಕುವಾಗ ಉಪ್ಪು ಕೆಲಸ ಮಾಡುತ್ತದಮ್ಮ. ಅಂಗಡಿಯಿಂದ ತಂದ ಮೇಲೆ ನೆನೆಸಿದರೆ ಬಣ್ಣ ನಿಲ್ಲುವುದಿಲ್ಲ. ಮೂರು ಸಲ ಬೇರೆಯಾಗಿ ತಣ್ಣೀರಲ್ಲಿ ಒಗೆಯಿರಿ, ಹೋಗುವ ಬಣ್ಣ ಹೋಗಲಿ.

ಸರಸ್ವತಿಪುರಂ_ಹೊಸಬಳು

ಹದಿನೆಂಟು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ನೆಲ ಮೊದಲ ಮೂರು ದಿನ ಏನೂ ಆಗಲಿಲ್ಲ, ಬಕೆಟ್ ನೀರು ಮಾತ್ರ ಹಾಲು ಹಾಕಿದ ಹಾಗೆ ಬೆಳ್ಳಗೆ ಬರುತ್ತಿತ್ತು. ಐದನೇ ದಿನ ಕಿಟಕಿ ಕೆಳಗಿನ ಒಂದು ಭಾಗ ಹೊಳೆಯಿತು. ನಿನ್ನೆ ಎಣ್ಣೆ ಬಟ್ಟೆ ಎಳೆದು ತಿಕ್ಕಿ ತಿಕ್ಕಿ ಕೈ ನೋವು ಬಂದಿದೆ. ಸಂಜೆ ಬಾಗಿಲು ತೆಗೆದರೆ ಬೀದಿಯ ಬೆಳಕು ನಡುಮನೆ ತನಕ ನೆಲದಲ್ಲಿ ಕಾಣುತ್ತಿತ್ತು.

ಬೆಡ್‌ಶೀಟ್ ಕಲೆಗೆ ಎರಡು ದಿನದ ಬಿಸಿಲು ಹಿಡಿಯಿತು. ಎಲ್ಲಿತ್ತು ಅಂತ ಹುಡುಕಬೇಕು ಈಗ. ಗಂಜಿ ಮೊದಲ ಸಲ ಜಾಸ್ತಿಯಾಗಿ ಹಾಸಿಗೆ ಮೇಲೆ ಮಲಗಿದರೆ ಪೇಪರ್ ಮೇಲೆ ಮಲಗಿದ ಹಾಗೆ ಪರಪರ ಸದ್ದು, ಎರಡನೇ ಸಲ ಸರಿಯಾಯಿತು. ಅತ್ತೆಯ ಸಾಸಿವೆ ಬಣ್ಣದ ಸೀರೆ ಪರದೆಯಾಗಿದೆ. ಅವರು ಬಂದು ನೋಡಿ ಮುಟ್ಟಿ, ಇದು ನಾನು ಬಾಣಂತನದಲ್ಲಿ ಉಡುತ್ತಿದ್ದ ಸೀರೆ ಅಂದರು. ನನಗೆ ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಆಮೇಲೆ ಇನ್ನೆರಡು ಸೀರೆ ಕಳಿಸಿದರು.

ಖರ್ಚು ಒಟ್ಟು 1,460. ಅದರಲ್ಲಿ ಟೈಲರ್‌ಗೇ ಆರುನೂರು.

ಒಂದೇ ತೊಂದರೆ. ಇವತ್ತು ಓನರ್ ಬಾಡಿಗೆಗೆ ಬಂದಿದ್ದರು. ಹೊಸಿಲಲ್ಲಿ ನಿಂತು ನೆಲ ನೋಡಿ, ಪರದೆ ನೋಡಿ, ಮತ್ತೆ ನೆಲ ನೋಡಿ, ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲಮ್ಮ ಅಂದರು. ಆ ದನಿ ನನಗೆ ಇಷ್ಟವಾಗಲಿಲ್ಲ.

ಚಾಮುಂಡಿಪುರಂ_ಹಳೇಮನೆ

ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು ತಾನೇ? ಹತ್ತನೇ ತಿಂಗಳಿಂದ ಒರೆಸುವುದು ನಿಲ್ಲಿಸು.